ಮಧುವನಹಳ್ಳಿಯ ಚಂದ್ರನ ಗಡಿಯಾರ

ಆ ಬೆಳಿಗ್ಗೆ ಕೊಳ್ಳೇಗಾಲಕ್ಕೆ ಮರಡಿಗುಡ್ಡವೇ ಇರಲಿಲ್ಲ. ಕಾರ್ತಿಕದ ಮಂಜು ಗುಡ್ಡವನ್ನು ಬುಡದಿಂದ ತುದಿಯವರೆಗೆ ನುಂಗಿ, ಮೇಲಿನ ಗುಡಿಯ ದೀಪವೊಂದನ್ನು ಮಾತ್ರ ಆಕಾಶದಲ್ಲಿ ತೂಗುಬಿಟ್ಟಿತ್ತು. ಮಳೆಗಾಲ ಮುಗಿದು ನೆಲ ಒಣಗಿತ್ತು. ಬೀದಿಯಲ್ಲಿ ಬರುವವರು ಮೊದಲು ಕೆಮ್ಮಾಗಿ, ಆಮೇಲೆ ನೆರಳಾಗಿ, ಕೊನೆಗೆ ಮನುಷ್ಯರಾಗಿ ಕಾಣಿಸಿಕೊಳ್ಳುತ್ತಿದ್ದರು.

ಮಾದೇಶನೂ ಹಾಗೆಯೇ ಮಂಜಿನಿಂದ ಮೂಡಿಬಂದು ಪುಟ್ಟಬಸಮ್ಮನವರ ಜಗಲಿಯ ಮುಂದೆ ನಿಂತ.

ಪುಟ್ಟಬಸಮ್ಮ ಪೊಲೀಸ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಠಾಣೆ ಬಿಟ್ಟರೂ ಜನ ಅವರನ್ನು ಬಿಡಲಿಲ್ಲ. ಎಮ್ಮೆ ಕಳೆದರೂ ಅವರೇ, ಒಡವೆ ಕಳೆದರೂ ಅವರೇ. ಯಾರು ಏನು ಹೇಳಿದರೂ ಕಣ್ಣು ಮುಚ್ಚಿಕೊಂಡು ಕೇಳುವುದು ಅವರ ಅಭ್ಯಾಸ. ನಿದ್ದೆ ಹೋಗಿದ್ದಾರೆಂದು ತಿಳಿದು ಸುಳ್ಳು ಹೇಳಿದವರು ಆಮೇಲೆ ಪರಿತಪಿಸಿದ್ದುಂಟು. ನಾನು, ಮಾದಸ್ವಾಮಿ, ಯಳಂದೂರಿನ ಭತ್ತದ ಗದ್ದೆಗಳಲ್ಲಿ ಬೆಳೆದು ಇಲ್ಲಿ ವಿಭೂತಿ, ಊದುಬತ್ತಿ, ಕರ್ಪೂರ ಮಾರಿಕೊಂಡಿರುವವನು. ಎಲ್ಲರ ಹಾಗೆ ನಾನೂ ಅಕ್ಕ ಎಂದೇ ಕರೆಯುವ ಅವರಿಗೆ ಎಲ್ಲಿಗಾದರೂ ಹೋಗಬೇಕಾದಾಗ ನನ್ನ ಹಳೆಯ ಕಾರು, ಜೊತೆಗೆ ನಾನು.

ಮಾದೇಶ ನಮ್ಮ ಯಳಂದೂರಿನವನೇ. ಗಡಿಯಾರ ರಿಪೇರಿ ಅವನ ಕಸುಬು, ಅವನ ತಂದೆಯದೂ ಅದೇ ಆಗಿತ್ತು. ಅಲ್ಲಿನ ಬಸ್ ನಿಲ್ದಾಣದ ಬಳಿ ಬೀರುವಿನಷ್ಟೇ ಅಗಲದ ಅಂಗಡಿ.

"ಅಕ್ಕಾ, ನಾನು ಕದ್ದಿಲ್ಲ ಕಣಕ್ಕ," ಎಂದ ಅವನು, ಕೂರುವ ಮೊದಲೇ.

"ಕೂತ್ಕಂಡು ಹೇಳ್ಲಾ. ಕದ್ದೋರು ಯಾರೂ ಇಷ್ಟು ಬೆಳಿಗ್ಗೆ ಎದ್ದು ನನ್ ಮನೆಗೆ ಬರಲ್ಲ," ಎಂದು ಪುಟ್ಟಬಸಮ್ಮ ಕಣ್ಣು ಮುಚ್ಚಿದರು.

ಅವನು ಹೇಳಿದ್ದು ಇಷ್ಟು. ಮಧುವನಹಳ್ಳಿಯ ರೇಷ್ಮೆ ವ್ಯಾಪಾರಿ ಶಿವಕುಮಾರಸ್ವಾಮಿ ಅಪರೂಪದ ಚಿನ್ನದ ಕೈಗಡಿಯಾರಗಳನ್ನು ಕೂಡಿಡುವವರು. ಮೊನ್ನೆ ಅವುಗಳಿಗೆ ಎಣ್ಣೆ ಬಿಡಲು ಮಾದೇಶನನ್ನು ಕರೆಸಿದ್ದರು. ಕೆಲಸ ಮುಗಿಸಿ ಅವನು ಸಂಜೆಯೇ ಊರಿಗೆ ಬಂದಿದ್ದ. ನಿನ್ನೆ ಬೆಳಿಗ್ಗೆ ನೋಡಿದರೆ ಎಲ್ಲಕ್ಕಿಂತ ದೊಡ್ಡದು, ಚಂದ್ರನಿದ್ದ ಗಡಿಯಾರ, ಬೀರುವಿನಲ್ಲಿಲ್ಲ. ಬೀಗ ಮುರಿದಿಲ್ಲ. ಕೀಲಿ ದೇವರ ಕೋಣೆಯಲ್ಲಿ ಮಾದಪ್ಪನ ಪಟದ ಹಿಂದೆ ಇತ್ತು. ಆ ಜಾಗ ಗೊತ್ತಿದ್ದದ್ದು ಮನೆಯವರಿಗೆ, ಮತ್ತೆ ಮೊನ್ನೆ ಕಣ್ಣಾರೆ ಕಂಡ ಮಾದೇಶನಿಗೆ.

"ಫೋನ್ ಮಾಡಿ ಕರೆಸಿ, ನನ್ ಸಾಮಾನು ಪೆಟ್ಟಿಗೆ ಕಿತ್ಕಂಡವ್ರೆ ಅಕ್ಕ. ಅಪ್ಪನ ಕಾಲದ ಮಸೂರ, ಚಿಮಟ ಎಲ್ಲಾ ಅದರಲ್ಲೇ. ಇವತ್ತು ಸಂಜೆ ಒಳಗೆ ಗಡಿಯಾರ ಬರನಿಲ್ಲ ಅಂದ್ರೆ ಕಂಪ್ಲೇಂಟ್ ಕೊಡ್ತಾರಂತೆ. ಆಗಲೇ ಯಳಂದೂರಲ್ಲಿ ಸುದ್ದಿ ಹಬ್ಬಿಬುಟ್ಟದೆ. ನಿನ್ನೆ ಒಬ್ಬ ಬಂದು, ರಿಪೇರಿ ಬ್ಯಾಡ, ನನ್ ವಾಚ್ ಕೊಟ್ಬುಡು ಅಂದ. ಅಪ್ಪ ಕಟ್ಟಿದ ಅಂಗಡಿ. ಅದು ಮುಚ್ಚೋಯ್ತದೆ."

"ದೀಪ ಮುಟ್ಟಿಸಿದ್ರಾ?"

"ಮುಟ್ಟಿಸಿದ್ರು. ನಾನೂ ಮುಟ್ಟಿದೆ, ಡ್ರೈವರ್ ಮುತ್ತಯ್ಯಾನೂ ಮುಟ್ಟಿದ, ಅವರ ಮಗಳು ಮಧುಶ್ರೀನೂ ಮುಟ್ಟಿದ್ರು. ಈ ಮನೆ ಸೊತ್ತು ಒಂದು ಕಡ್ಡೀನೂ ನಾನು ಕದ್ದಿಲ್ಲ ಅಂತ ಆ ಹೆಣ್ಣುಮಗಳು ಗಟ್ಟಿಯಾಗೇ ಅಂದ್ರು."

ನಮ್ಮ ಕಡೆ ಮಾದಪ್ಪನ ದೀಪ ಮುಟ್ಟಿ ಯಾರೂ ಸುಳ್ಳಾಡುವುದಿಲ್ಲ. ಅದಕ್ಕೊಂದು ಕ್ರಮವಿದೆ. ಕಳೆದುಕೊಂಡವರು ಮೊದಲು ಮುಟ್ಟಿ, 'ಕಳೆದದ್ದು ನನ್ನದು' ಎನ್ನಬೇಕು. ಆಮೇಲೆ ಉಳಿದವರ ಸರದಿ.

"ಯಜಮಾನ್ರು ಮೊದಲು ಮುಟ್ಟಿದ್ರಾ?"

"ಮುಟ್ಟಕ್ಕೇ ಬಂದ್ರು ಅಕ್ಕ. ಅಷ್ಟೊತ್ತಿಗೆ ಯಾವ್ದೋ ಫೋನ್ ಬಂತು ಅಂತ ಒಳಕ್ಕೋದ್ರು."

"ನೀನು ರಿಪೇರಿ ಮಾಡುವಾಗ ಏನಾದ್ರೂ ಬಾಯಿ ಬಿಟ್ಟೆಯಾ?"

ಮಾದೇಶ ತಡವರಿಸಿದ. "ಚಂದ್ರನ ಗಡಿಯಾರದ ಬೆನ್ನು ಬಿಚ್ಚಿದಾಗ ಒಳಗಡೆ ಒಂದು ಗೀರು ಕಂಡೆ. ಸಣ್ಣ ತ್ರಿಶೂಲ, ಅದರ ಪಕ್ಕ ಚುಕ್ಕಿ. ಅದು ನಮ್ಮಪ್ಪನ ಗುರುತು. ಯಾವ ಗಡಿಯಾರ ಬಿಚ್ಚಿದ್ರೂ ಒಳಗೆ ಹಾಕೋರು. ಸಾ, ಇದು ನಮ್ಮಪ್ಪನ ಕೈಲಿ ಹಾದುಬಂದದೆ ಅಂದೆ. ಮಧುಶ್ರೀಯವ್ರು ಕಾಫಿ ತಂದಿದ್ರು, ಅವ್ರೂ ಬಗ್ಗಿ ನೋಡಿದ್ರು. ಯಜಮಾನ್ರು ಮಾತ್ರ, ಮುಚ್ಚಲಾ, ಯಾವ್ದೋ ಗೀರು ಅಂತ ಗದರಿದ್ರು."

ಪುಟ್ಟಬಸಮ್ಮ ಕಣ್ಣು ತೆರೆದರು. "ಸ್ವಾಮ್ಗಳೇ, ಕಾರ್ ತೆಗೀರಿ."

ಮಧುವನಹಳ್ಳಿ ತಲುಪಿದಾಗಲೂ ಮಂಜು ಕರಗಿರಲಿಲ್ಲ. ಹಿಪ್ಪುನೇರಳೆ ತೋಟಗಳು ಹಾಲಿನಲ್ಲಿ ಅದ್ದಿದ ಹಾಗೆ ನಿಂತಿದ್ದವು. ಶಿವಕುಮಾರಸ್ವಾಮಿಯವರ ಮನೆ ದೊಡ್ಡದು. ಜಗಲಿಯ ಎಡಕ್ಕೆ, ಹೆಂಚಿನ ಸೂರಿನ ಉದ್ದನೆಯ ಹುಳುಮನೆ; ಕಿಟಕಿಗಳಿಗೆ ಬಲೆ, ಬಾಗಿಲಿಗೆ ಗೋಣಿಯ ಪರದೆ. ರೇಷ್ಮೆ ಹುಳು ಸಾಕುವುದು ಮಧುಶ್ರೀಯ ಕೆಲಸ. ತಾಯಿ ತವರಿನ ಮದುವೆಗೆ ಹೋಗಿದ್ದರಿಂದ ಮನೆಯಲ್ಲಿ ತಂದೆ, ಮಗಳು ಮತ್ತು ಹೊರಕೋಣೆಯಲ್ಲಿ ಮುತ್ತಯ್ಯ, ಇಷ್ಟೇ ಜನ.

ಸೆಂಟಿನ ಪರಿಮಳ ಮೊದಲು ಬಂತು, ಹಿಂದೆ ಶಿವಕುಮಾರಸ್ವಾಮಿ ಬಂದರು. ಬೀರು ತೆರೆಯುವ ಮೊದಲು ಗುಡಿಯ ಬಾಗಿಲಲ್ಲಿ ಬಿಡುವ ಹಾಗೆ ಚಪ್ಪಲಿ ಬಿಟ್ಟರು. ನೀಲಿ ಮಖಮಲ್ಲಿನ ಗೂಡುಗಳಲ್ಲಿ ಗಡಿಯಾರಗಳು ಮಲಗಿದ್ದವು. ಒಂದು ಚೌಕ, ಒಂದು ನಾಣ್ಯದಷ್ಟು ತೆಳು. ಇನ್ನೊಂದರ ಮುಖ ಹಳೆಯ ದಂತದಂತೆ ಹಳದಿ ತಿರುಗಿತ್ತು.

"ಈಗ ಟೈಮ್ ನೋಡಕ್ಕೆ ಎಲ್ರಿಗೂ ಮೊಬೈಲ್ ಅದೆ ಅಮ್ಮ," ಎಂದರು, ಮಕ್ಕಳು ಮಲಗಿರುವ ಕೋಣೆಯಲ್ಲಿ ಮಾತಾಡುವವರ ಹಾಗೆ. "ಚಿನ್ನ ಯಾರ ಮನೇಲಿಲ್ಲ? ಅದು ಪೆಟ್ಟಿಗೇಲಿ ಸತ್ತಂಗೆ ಬಿದ್ದಿರ್ತದೆ. ಇದು ಎದೆ ಬಡಿಯೋ ಚಿನ್ನ. ನಾನು ಇವನ್ನೆಲ್ಲಾ ಮಲಗಿಸಿರ್ತೀನಿ. ಚಂದ್ರಂದು ಒಂದಕ್ಕೆ ಮಾತ್ರ ದಿನಾ ಪೂಜೆ ಮುಗಿಸಿ ಕೀ ಕೊಡ್ತಿದ್ದೆ. ಸ್ವಿಟ್ಜರ್ಲೆಂಡಿಂದು. ಮುಖದ ಮೇಲೆ ಕಡ್ಲೆಕಾಳಷ್ಟು ಕಿಟಕಿ, ಒಳಗೆ ನೀಲಿ ಆಕಾಶ, ಚಿನ್ನದ ಚಂದ್ರ. ಹುಣ್ಣಿಮೆಗೆ ತುಂಬ್ತಾನೆ, ಅಮಾಸೆಗೆ ಅಡಗ್ತಾನೆ. ಮುಂಬೈ ಹರಾಜಿನಲ್ಲಿ ತಕಂಡಿದ್ದು. ಭಾನುವಾರ ಮೈಸೂರಿನ ಸಂಗ್ರಾಹಕರು ನೋಡಕ್ಕೆ ಬರೋರಿದ್ದರು."

ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ನನಗೆ ಅಯ್ಯೋ ಅನ್ನಿಸಿತು.

ಖಾಲಿ ಗೂಡಿನ ಅಂಚಿನಲ್ಲಿ ಬಿಳಿಯ ಪುಡಿ ಚೂರು ಅಂಟಿತ್ತು. "ವಿಭೂತಿ," ಎಂದರು ಶಿವಕುಮಾರಸ್ವಾಮಿ, ಬಾಗಿಲಲ್ಲಿದ್ದ ಮುತ್ತಯ್ಯನನ್ನು ಓರೆಗಣ್ಣಿನಿಂದ ನೋಡುತ್ತ. ಮುತ್ತಯ್ಯ ತಮಿಳು ಗಡಿಯ ಪಾಲಾರ್ ಕಡೆಯವನು. ಅವನ ಹಣೆಯ ಮೇಲೆ ಬೆರಳು ದಪ್ಪದ ಮೂರು ಪಟ್ಟೆ.

"ಸತ್ಯಮಾ ಹೇಳ್ತೀನಿ ಸಾ, ಪಟ್ಟೆ ದಪ್ಪ ಇರೋರೆಲ್ಲಾ ಕಳ್ಳರಾದ್ರೆ ನಮ್ಮೂರ್ ಪೂಜಾರಿ ಜೈಲಲ್ಲೇ ಇರ್ಬೇಕು," ಎಂದ ಅವನು.

ದೇವರ ವಸ್ತು ಹಾಗೆ ಬಿದ್ದಿರಬಾರದೆಂದು ನಾನು ಆ ಪುಡಿಯನ್ನು ಬೆರಳಿಗೆ ಒತ್ತಿಕೊಂಡು, ಪ್ರಸಾದವೆಂದು ನಾಲಿಗೆಯ ತುದಿಗೆ ಇಟ್ಟುಕೊಂಡೆ. ತುದಿ ಚುರುಗುಟ್ಟಿತು. ಆಗ ತಾನೇ ಕುಡಿದ ಕಾಫಿ ಸುಟ್ಟಿರಬೇಕೆಂದುಕೊಂಡೆ. ಪುಟ್ಟಬಸಮ್ಮ ನನ್ನ ಮುಖವನ್ನೇ ನೋಡಿ, "ಬಿಸಿನಾ ಸ್ವಾಮ್ಗಳೇ?" ಎಂದರು. ಹೌದೆಂದು ತಲೆಯಾಡಿಸಿದೆ.

ಆಮೇಲೆ ಜಗಲಿಯಲ್ಲಿ ಕೂತೆವು. ಅಕ್ಕ ಕಣ್ಣು ಮುಚ್ಚಿದರು. ಆಗ ಒಂದು ಸದ್ದು ನನ್ನನ್ನು ಮೆಲ್ಲನೆ ಆವರಿಸಿತು. ಸೋನೆ ಮಳೆ. ಎಲೆಗಳ ಮೇಲೆ, ಹೆಂಚಿನ ಮೇಲೆ, ಎಲ್ಲೋ ತುಂಬಾ ಹತ್ತಿರದಲ್ಲಿ, ಬಿಡುವಿಲ್ಲದೆ ಸಣ್ಣಗೆ ಹನಿಯುವ ಮಳೆ. ಮಂಜಿನಲ್ಲಿ ಹನಿ ಕಾಣಲಿಲ್ಲ. ಬಾಲ್ಯದ ಗದ್ದೆಬದು ನೆನಪಾಗಿ, ಶಾಲು ಹೊದ್ದುಕೊಂಡು ಅರ್ಧ ಕನಸಿನಲ್ಲಿ ಕೂತುಬಿಟ್ಟೆ.

"ಈಚೆಗೆ ಹೊರಗಿನೋರು ಯಾರಾದ್ರೂ ಬಂದಿದ್ರಾ?" ಅಕ್ಕನ ದನಿ ಕೇಳಿ ಎಚ್ಚೆತ್ತೆ.

"ಹನೂರಿನ ಪುಟ್ಟಸಿದ್ದಯ್ಯನ ಹೆಂಡ್ತಿ ಬಂದಿತ್ತು ಅಮ್ಮ, ಕೆಂಪಾಜಮ್ಮ," ಎಂದ ಮುತ್ತಯ್ಯ. "ಅಳ್ತಾ ಓಯ್ತು."

"ಅದು ಬೇರೆ ವಿಷಯ. ನೀನು ಹೋಗಿ ಕಾರ್ ಒರೆಸು," ಎಂದರು ಯಜಮಾನರು.

ಕಾಫಿ ಲೋಟ ತೆಗೆಯಲು ಮಧುಶ್ರೀ ಬಂದಳು. ಸೊಪ್ಪು ಕುಯ್ದು ಬೆರಳುಗಳು ಕಪ್ಪಾಗಿದ್ದವು. ರಾತ್ರಿಯೆಲ್ಲ ಅತ್ತ ಕಣ್ಣು.

"ಹುಳುಮನೆ ನೋಡಬೌದೇನವ್ವಾ?"

ಅವಳು ಲೋಟಗಳನ್ನು ಬೇಗ ಬೇಗ ಒಂದರೊಳಗೊಂದು ಸೇರಿಸಿದಳು. "ಬೇಡ ಅಕ್ಕ. ಹುಳು ಇನ್ನೂ ಜ್ವರಕ್ಕೆ ಕೂತವೆ. ಹೊರಗಿನೋರು ಕಾಲಿಡಬಾರದು."

"ಪೊರೆ ಬಿಡೋ ಕಾಲ," ಎಂದು ತಂದೆ ನನಗೆ ಬಿಡಿಸಿ ಹೇಳಿದರು. "ಅದಕ್ಕೆ ನಾವು ಜ್ವರ ಅಂತೀವಿ. ಮೇವು ಮುಟ್ಟಲ್ಲ, ಅಲ್ಲಾಡಲ್ಲ, ತಪಸ್ಸಿಗೆ ಕೂತಂಗೆ. ನಿನ್ನೆ ಮನೆಯೆಲ್ಲಾ ಜಾಲಾಡಿದ್ವಿ, ಅದೊಂದನ್ನ ಬಿಟ್ವಿ. ಸೆಂಟ್ ವಾಸನೆ ಹುಳಕ್ಕೆ ಆಗಲ್ಲ ಅಂತ ನನ್ನ ಅದರ ಹತ್ರಕ್ಕೂ ಸೇರಿಸಲ್ಲ ಇವಳು."

ಅಕ್ಕ ಎದ್ದರು. ನಾವು ಹೊರಟಾಗ ಬಿಸಿಲು ಬಿದ್ದಿತ್ತು. ಕಾರು ತಿರುಗಿಸಿದಾಗ ಅಂಗಳದ ಧೂಳು ಹಿಂದಿನ ಗಾಜನ್ನು ಮುಚ್ಚಿತು.

"ಸದ್ಯ, ಮಳೆ ನಿಂತಿತು," ಎಂದೆ ನಾನು.

"ಬಂದಿತ್ತಾ?" ಎಂದು ಅಕ್ಕ ನಕ್ಕರು. "ಹನೂರಿಗೆ ನಡೀರಿ."

ಹನೂರಿನ ದಾರಿಯುದ್ದಕ್ಕೂ ಬೆಟ್ಟಗಳು ಒಂದರ ಬೆನ್ನಿಗೊಂದು ತಿಳಿನೀಲಿಯಾಗಿ ಮಲಗಿದ್ದವು. ಆ ಸಾಲಿನ ಕೊನೆಯಲ್ಲಿ ಮಾದಪ್ಪನಿದ್ದಾನೆಂದು ನೆನೆದು ಸ್ಟೀರಿಂಗ್ ಹಿಡಿದಂತೆಯೇ ಮನಸ್ಸಿನಲ್ಲಿ ಕೈಮುಗಿದೆ.

ಕೆಂಪಾಜಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪುಟ್ಟಬಸಮ್ಮ ಎದುರಿಗೆ ಕೂತು ತಾವೂ ಸುಲಿಯತೊಡಗಿದರು. ಮೊರ ಅರ್ಧ ತುಂಬುವ ಹೊತ್ತಿಗೆ ಕತೆ ತಾನಾಗಿ ಹೊರಬಂತು.

"ನಮ್ ಯಜಮಾನ್ರ ತಾತ, ಕಾಡು ಅಳೆಯಕ್ಕೆ ಬಂದಿದ್ದ ಬಿಳಿ ದೊರೇನ ಆನೆ ಕಾಲಡಿಯಿಂದ ಉಳಿಸಿದ್ರಂತೆ. ದೊರೆ ಕೈಯಿಂದ ಬಿಚ್ಚಿ ಕಟ್ಟಿದ್ನಂತೆ ಆ ಗಡಿಯಾರವ. ನಮ್ಮೋರು ಅಮಾಸೆ ನೋಡಕ್ಕೆ ಪಂಚಾಂಗ ತೆಗೀತಿರನಿಲ್ಲ. ಅದರೊಳಗೆ ಚಂದ್ರ ಅಡಗಿದ್ರೆ, ನಡಿಯಮ್ಮಿ ಮಾದಪ್ಪನ ಬೆಟ್ಟಕ್ಕೆ, ಅನ್ನೋರು. ನಿಂತೋದ್ರೆ ಯಳಂದೂರಿಗೆ ತಕಂಡೋಗಿ ಸರಿ ಮಾಡಿಸ್ಕಂಡು ಬರೋರು."

"ಮತ್ತೆ ಸಾವ್ಕಾರರ ಕೈಗೆ ಎಂಗೆ ಹೋಯ್ತು?"

"ತಿಳಿದೋರಿಗೆ ತೋರಿಸ್ತೀನಿ, ನಾಕು ದಿನ ಮಡಗಿ ಹೋಗು ಅಂದ್ರಂತೆ. ಕೊಟ್ಟು ಬಂದ್ರು. ಆ ವಾರವೇ ನಮ್ಮೋರು ತೀರ್ಕಂಡ್ಬುಟ್ರು. ಮೊನ್ನೆ ಮೊನ್ನೆ ನಾನು ಹೋಗಿ ಕೇಳಿದ್ರೆ, ನಿನ್ ಗಂಡ ಆವತ್ತೇ ವಾಪಸ್ ತಕಂಡೋದ ಅಂದ್ರು. ಈಗ ಮೈದುನರು ಹೊಲದ ಪಾಲಿನ ಮಾತು ಬಂದಾಗೆಲ್ಲಾ, ವಂಶದ ಗಡಿಯಾರ ಮಾರ್ಕಂಡು ತಿಂದೋಳು ನೀನು ಅಂತಾರೆ. ತಿಂದಿದ್ರೆ ಇಷ್ಟು ಸಣ್ಣ ಇರ್ತಿದ್ನಾ ಕಣವ್ವಾ?" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಆ ಮನೆ ಹೆಣ್ಣುಮಗು ಹಿಂದೆ ಓಡಿಬಂದು ಮಜ್ಜಿಗೆ ಕೊಡ್ತು. ಅತ್ತೆ, ಗಡಿಯಾರ ಎಂಗಿತ್ತು ಅಂತ ಕೇಳ್ತು."

ಅಕ್ಕ ಕೈ ಒರೆಸಿಕೊಂಡರು. "ಸೆರಗು ಸರಿ ಮಾಡ್ಕಳವ್ವಾ. ನಮ್ ಜೊತೆ ಬಾ."

ಸಂಜೆ ಮಧುವನಹಳ್ಳಿಯ ಜಗಲಿಯಲ್ಲಿ ದೀಪ ಹಚ್ಚಿದ್ದರು. ಶಿವಕುಮಾರಸ್ವಾಮಿ ಉಯ್ಯಾಲೆ ಮಣೆಯ ಮೇಲೆ, ಕಂಬಕ್ಕೊರಗಿ ಮಧುಶ್ರೀ, ಮೆಟ್ಟಿಲ ಮೇಲೆ ಮಾದೇಶ ಮತ್ತು ಮುತ್ತಯ್ಯ. ಕೆಂಪಾಜಮ್ಮ ಕೊನೆಯ ಮೂಲೆಯಲ್ಲಿ ಕೂತರು. ಅವರನ್ನು ಕಂಡು ಯಜಮಾನರ ಉಯ್ಯಾಲೆ ತಟ್ಟನೆ ನಿಂತಿತು.

"ಗಡಿಯಾರ ಈ ಕಾಂಪೌಂಡ್ ದಾಟಿಲ್ಲ," ಎಂದು ಪುಟ್ಟಬಸಮ್ಮ ಆರಂಭಿಸಿದರು. "ಮೊದಲು ಆ ಬಿಳಿ ಪುಡಿ. ನಮ್ಮ ಜನಕ್ಕೆ ಬಿಳಿ ಪುಡಿ ಕಂಡ್ರೆ ಸಾಕು, ಕೈ ಹಣೆಗೆ ಹೋಯ್ತದೆ. ನಮ್ಮ ಸ್ವಾಮ್ಗಳು ವಿಭೂತಿ ಮಾರೋರು, ಅವರೇ ವಿಭೂತಿ ಅಂತ ನಾಲಿಗೆ ಮೇಲೆ ಇಟ್ಕಂಡ್ರು. ಏನಾಯ್ತು ಸ್ವಾಮ್ಗಳೇ?"

"ತುದಿ ಚುರುಗುಟ್ಟಿತು," ಎಂದೆ ತಲೆ ತಗ್ಗಿಸಿ. "ಕಾಫಿ ಅಂದುಕೊಂಡೆ."

"ಕಾಫಿ ನಾಲಿಗೆಯೆಲ್ಲಾ ಸುಡ್ತದೆ, ತುದಿ ಒಂದನ್ನೇ ಅಲ್ಲ. ವಿಭೂತಿ ಯಾವತ್ತೂ ಕಚ್ಚಲ್ಲ. ಎಲೆ ಅಡಿಕೆಗೆ ಹೆಚ್ಚಾದ್ರೆ ಕಚ್ಚೋದು ಯಾವ್ದು?"

"ಸುಣ್ಣ!" ಎಂದ ಮುತ್ತಯ್ಯ, ತನ್ನ ಹಣೆ ಮುಟ್ಟಿ ನೋಡಿಕೊಳ್ಳುತ್ತ.

"ಸುಣ್ಣದ ಪುಡಿ. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಲಿ ಅಂತ ಮೇಲೆ ಉದುರಿಸ್ತಾರೆ. ಮುತ್ತಯ್ಯನ ಕೈಲಿ ಅದಿಲ್ಲ. ಮಾದೇಶನ ಕೈಲಿ ಎಣ್ಣೆ ಇರ್ತದೆ, ಸುಣ್ಣ ಅಲ್ಲ. ಈ ಮನೇಲಿ ಆ ಪುಡಿ ಮುಟ್ಟೋದು ಒಂದೇ ಕೈ."

ಮಧುಶ್ರೀ ಸೆರಗಿನಲ್ಲಿ ಬೆರಳು ಮುಚ್ಚಿಕೊಂಡಳು.

"ಎರಡನೇದು ಮಳೆ. ಬೆಳಿಗ್ಗೆ ಇಲ್ಲಿ ಕೂತಾಗ ಸೋನೆ ಬಿತ್ತು ಅಂತ ಸ್ವಾಮ್ಗಳು ಶಾಲು ಹೊದ್ಕಂಡ್ರು. ಹೊರಟಾಗ ಅಂಗಳದಲ್ಲಿ ಧೂಳು. ಈಗ ಸ್ವಲ್ಪ ಹೊತ್ತು ಸುಮ್ನೆ ಇರಿ, ಕೇಳ್ತದೆ."

ಎಲ್ಲರೂ ಸುಮ್ಮನಾದೆವು. ನಕ್ಷತ್ರಗಳು ಸ್ವಚ್ಛವಾಗಿ ಕಾಣುತ್ತಿದ್ದವು. ಆ ತಿಳಿ ಆಕಾಶದ ಕೆಳಗೆ ಮತ್ತೆ ಅದೇ ಸೋನೆ ಮಳೆ ಸುರಿಯತೊಡಗಿತು. ಅದು ಹುಳುಮನೆಯ ಬಲೆ ಕಿಟಕಿಯಿಂದ ಬರುತ್ತಿತ್ತು. ಸಾವಿರಾರು ಸಣ್ಣ ಬಾಯಿಗಳು ಹಸಿರು ಎಲೆಯನ್ನು ಕತ್ತರಿಸುವ ಸದ್ದು.

"ಭತ್ತದ ಸೀಮೆಯೋರಿಗೆ ಇದು ಮಳೆ. ರೇಷ್ಮೆ ಸೀಮೆಯೋರಿಗೆ ಇದು ಹುಳ ಮೇಯೋ ಸದ್ದು. ದಿನಾ ಕೇಳಿ ಕೇಳಿ ಸಾವ್ಕಾರರ ಕಿವಿಗೆ ಇದು ಬೀಳೋದೇ ಇಲ್ಲ. ನಿನ್ನೆ ಹುಳು ಜ್ವರದಲ್ಲಿದ್ದದ್ದು ನಿಜ. ಇವತ್ತು ಬೆಳಿಗ್ಗೆ ಎದ್ದು ಮೇಯ್ತಿದ್ವು. ಜ್ವರದ ಹುಳು ಮೇಯಲ್ಲ. ಹಂಗಿದ್ರೂ ಮಗಳು ಇನ್ನೂ ಜ್ವರ ಅಂದ್ಳು. ಯಾಕೆ ಅಂದ್ಳು ಅಂತ ಅವಳೇ ಹೇಳ್ಲಿ."

ಮಧುಶ್ರೀ ಪರದೆ ಸರಿಸಿ ಒಳಗೆ ಹೋದಳು. ಹೊರಬಂದಾಗ ಅವಳ ಅಂಗೈಯಲ್ಲಿ ಹಿಪ್ಪುನೇರಳೆ ಎಲೆಗಳಿದ್ದವು. ಎಲೆಗಳ ನಡುವೆ ಆ ಗಡಿಯಾರ. ಅದನ್ನು ನಾನು ಮೊದಲ ಸಲ ಕಂಡೆ. ದೀಪದ ಬೆಳಕಿಗೆ ಚಿನ್ನ ಜೇನಿನ ಹಾಗೆ ಮಿನುಗಿತು. ಪುಟ್ಟ ಕಿಟಕಿಯಲ್ಲಿ ಅರ್ಧ ಮುಳುಗಿದ ಚಂದ್ರ.

"ನನ್ ಮಗಳೇ ಕಳ್ಳಿ!" ಶಿವಕುಮಾರಸ್ವಾಮಿ ಎದ್ದುನಿಂತರು. "ಮಾದಪ್ಪನ ದೀಪ ಮುಟ್ಟಿ ಸುಳ್ಳಾಡಿದ್ಯಲ್ಲೇ!"

"ಸುಳ್ಳಾಡಿಲ್ಲ ಅಪ್ಪಾಜಿ. ಈ ಮನೆ ಸೊತ್ತು ಕದ್ದಿಲ್ಲ ಅಂದೆ. ಕೆಂಪಾಜತ್ತೆ ಹೇಳಿದ್ದು ಕೇಳಿದ್ದೆ. ಮಾದೇಶಣ್ಣ ತ್ರಿಶೂಲ ತೋರಿಸಿದಾಗ, ಮುಂಬೈ ಗಡಿಯಾರದೊಳಗೆ ಯಳಂದೂರಿನ ಗುರುತು ಎಂಗೆ ಬಂತು ಅಂತ ರಾತ್ರಿಯೆಲ್ಲಾ ಯೋಚನೆ ಮಾಡಿದೆ. ಬೆಳಿಗ್ಗೆ ಹುಳಕ್ಕೆ ಸುಣ್ಣ ಹಾಕಿ, ಸ್ನಾನಕ್ಕೂ ಮೊದಲು ತೆಗೆದೆ. ಮೊದಲ ಬಸ್ಸಿಗೆ ಹನೂರಿಗೆ ಓಗಿ ಕೊಟ್ಟುಬರೋಣ ಅಂತ. ಅಷ್ಟರಲ್ಲಿ ನೀವು ಬೀರು ತೆಗೆದ್ರಿ."

"ನ್ಯಾಯ ಮಾಡಕ್ಕೆ ಹೊರಟೆ, ಸರಿ," ಎಂದರು ಪುಟ್ಟಬಸಮ್ಮ. ಅವರ ದನಿ ಮೊದಲ ಬಾರಿ ಗಡುಸಾಯಿತು. "ಎರಡು ದಿನ ಇವನು ಕಳ್ಳ ಅನ್ನಿಸಿಕೊಂಡು ತಿರುಗಿದ್ನಲ್ಲ, ಅದು ಯಾವ ನ್ಯಾಯ?"

ಮಧುಶ್ರೀ ಮೆಟ್ಟಿಲಿಳಿದು ಮಾದೇಶನ ಮುಂದೆ ನಿಂತಳು. "ತಪ್ಪಾಯ್ತು ಅಣ್ಣ. ಬಾಯಿ ಬಿಡಕ್ಕೆ ಧೈರ್ಯ ಬರನಿಲ್ಲ." ಮಾದೇಶ ಗಾಬರಿಯಾಗಿ ಎದ್ದು, ತಾನೇ ತಪ್ಪು ಮಾಡಿದವನಂತೆ ಕೈಮುಗಿದ.

"ಅದು ನನ್ ಗಡಿಯಾರ," ಎಂದರು ಶಿವಕುಮಾರಸ್ವಾಮಿ. ಆದರೆ ದನಿ ಇಳಿದಿತ್ತು.

ಪುಟ್ಟಬಸಮ್ಮ ಜಗಲಿಯ ದೀಪವನ್ನು ಎತ್ತಿ ಅವರ ಮುಂದೆ ಇಟ್ಟರು. "ನಿನ್ನೆ ಅರ್ಧಕ್ಕೆ ನಿಂತಿದ್ದು ಮುಗಿಸೋಣ. ಕಳ್ಕಂಡೋರು ಮೊದಲು ಮುಟ್ಬೇಕು. ನಿಮಗೆ ಫೋನ್ ಬಂತು ಅಂತ ಎದ್ದೋದ್ರಿ."

"ಫೋನಾ?" ಮುತ್ತಯ್ಯ ತಲೆ ಕೆರೆದುಕೊಂಡ. "ನಿನ್ನೆ ಅದು ಕಾರಲ್ಲಿ ಚಾರ್ಜಿಗೆ ಇತ್ತಲ್ಲ ಸಾ?"

ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು.

"ಮುಟ್ಟಿ ಸಾವ್ಕಾರ್ರೇ," ಎಂದರು ಅಕ್ಕ, ಮೆತ್ತಗೆ. "ಕಳೆದದ್ದು ನಂದು ಅನ್ನಿ. ಗಡಿಯಾರ ಬೀರಿಗೆ ಹೋಗ್ಲಿ, ನಾವು ನಮ್ಮನಮ್ಮ ಮನೆಗೆ ಹೋಗ್ತೀವಿ."

ಶಿವಕುಮಾರಸ್ವಾಮಿ ಕೈ ಚಾಚಿದರು. ಬೆರಳು ದೀಪದ ಹತ್ತಿರ ಬಂದು ನಿಂತಿತು. ಉರಿಯ ನೆರಳು ಅವರ ಅಂಗೈಯಲ್ಲಿ ಓಲಾಡಿತು. ಹುಳುಮನೆಯ ಮಳೆ ಸುರಿಯುತ್ತಲೇ ಇತ್ತು. ಎದುರಿನ ಗೋಡೆಯಲ್ಲಿ ಹುಲಿಯ ಮೇಲೆ ಕೂತ ಮಾದಪ್ಪ ಎಲ್ಲರನ್ನೂ ಒಂದೇ ಸಮನಾಗಿ ನೋಡುತ್ತಿದ್ದ. ಚಾಚಿದ ಕೈ ಹಿಂದಕ್ಕೆ ಹೋಗಿ ಮಡಿಲಲ್ಲಿ ಬಿತ್ತು.

"ಕೊಟ್ಬುಡಬೇಕು ಅಂತಲೇ ಇದ್ದೆ," ಎಂದರು. "ದಿನಾ ಕೀ ಕೊಡೋವಾಗ, ನಾಳೆ ಕೊಡೋಣ ಅನ್ಕತಿದ್ದೆ. ಅವನು ತೀರ್ಕಂಡ ಮೇಲೆ ಬಾಳ ದಿನ ಕೇಳೋರೇ ಇರನಿಲ್ಲ. ಆಮೇಲಾಮೇಲೆ ಮುಂಬೈ ಅಂತ ಹೇಳಿ ಹೇಳಿ ನಾನೇ ನಂಬ್ಬುಟ್ಟೆ."

ಅವರು ಒಳಗೆ ಹೋಗಿ ಮಾದೇಶನ ಪೆಟ್ಟಿಗೆ ತಂದು ಅವನ ಕೈಗಿತ್ತರು. "ನಾಳೆ ನಿನ್ನ ಅಂಗಡಿಗೆ ನಾನೇ ಬರ್ತೀನಿ ಕಣಪ್ಪ. ಜನ ನೋಡ್ಲಿ. ಮಿಕ್ಕ ಗಡಿಯಾರ ಎಲ್ಲಾ ನೀನೇ ನೋಡ್ಕಬೇಕು." ಮಾದೇಶ ಪೆಟ್ಟಿಗೆ ತೆರೆದು ತಂದೆಯ ಮಸೂರವನ್ನು ಮುಟ್ಟಿ ನೋಡಿಕೊಂಡ.

"ಹನೂರಿಗೂ ಬರ್ಬೇಕಾಯ್ತದೆ," ಎಂದರು ಪುಟ್ಟಬಸಮ್ಮ. "ಇವರ ಮೈದುನರ ಮುಂದೆ ನಿಂತು, ಇಷ್ಟು ದಿನ ಗಡಿಯಾರ ಯಾರ ಬೀರಲ್ಲಿತ್ತು ಅಂತ ಹೇಳ್ಬೇಕು."

"ಬರ್ತೀನಿ."

ಆಮೇಲೆ ಅವರು ಮಗಳ ಅಂಗೈಯಿಂದ ಗಡಿಯಾರ ಎತ್ತಿಕೊಂಡರು. ಅಂಟಿದ್ದ ಎಲೆಯ ಚೂರನ್ನು ಪಂಚೆಯ ಅಂಚಿನಿಂದ ಒರೆಸಿದರು. ಕಿವಿಗಿಟ್ಟು ನೋಡಿದರು. ನಿಂತಿತ್ತು. ಹೆಬ್ಬೆರಳು ತೋರುಬೆರಳ ನಡುವೆ ಪಕ್ಕದ ಪುಟ್ಟ ತಿರುಗುಗುಂಡಿ ಹಿಡಿದು ನಿಧಾನವಾಗಿ ಕೀ ಕೊಟ್ಟರು. ಇನ್ನು ತಿರುಗುವುದಿಲ್ಲ ಅನ್ನುವವರೆಗೆ ಕೊಟ್ಟರು. ಮೂಲೆಗೆ ನಡೆದು ಹೋಗಿ, ಕೆಂಪಾಜಮ್ಮನ ಮುಂದೆ ಮಂಡಿಯೂರಿ, ಎರಡೂ ಕೈಯಿಂದ ಅವರ ಅಂಗೈ ಮೇಲೆ ಇಟ್ಟರು.

"ಇವತ್ತಿನ ಕೀ ಕೊಟ್ಟಿವ್ನಿ ಕಣವ್ವಾ," ಎಂದರು, ನಮಗೆ ಕೇಳಿಸಿಯೂ ಕೇಳಿಸದ ಹಾಗೆ. "ನಾಳೆಯಿಂದ ನೀನೇ ಕೊಡ್ಬೇಕು."